ಮಗಳ ಹೆರಿಗೆಯೂ ಜೀಪಿನ ಕೆಮ್ಮೂ

ನಮ್ಮ ಮನೆಯ ಜೀಪು ಕೆಮ್ಮುವುದಕ್ಕೆ ಶುರುಮಾಡಿದ್ದು 1988ರ ಜುಲೈ ತಿಂಗಳಲ್ಲಿ, ಪುನರ್ವಸು ಮಳೆ ಹಿಡಿದ ದಿನಗಳಲ್ಲಿ. ನಾನು ಅದಕ್ಕೆ ಕೆಮ್ಮು ಎನ್ನುತ್ತಿದ್ದೆ. ಮೆಕ್ಯಾನಿಕ್ಕುಗಳು ‘ಮಿಸ್ಸಿಂಗ್’ ಎನ್ನುತ್ತಾರೆ. ಎಂಜಿನ್ನು ಒಂದೇ ಸಮನೆ ಓಡುವ ಬದಲು ನಡುನಡುವೆ ತಡವರಿಸುತ್ತದೆ, ಗಾಡಿ ಗಡಗಡ ನಡುಗುತ್ತದೆ, ಏರು ಬಂದರೆ ಉಸಿರು ಸಿಕ್ಕಿಕೊಂಡವರ ಹಾಗೆ ನಿಂತೇಬಿಡುತ್ತದೆ.

ಸಾರು, ಸಂಡಿಗೆ, ಕಸೂತಿಗಳ ನಡುವೆ ಇದೇನಪ್ಪಾ ಜೀಪಿನ ಪುರಾಣ ಎಂದು ಪುಟ ತಿರುಗಿಸಬೇಡಿ. ಗಂಡಸರ ಕೆಲಸ ಎಂದುಕೊಂಡು ನಾನೂ ಇಪ್ಪತ್ತೆರಡು ವರ್ಷ ಆ ಬಾನೆಟ್ಟಿನ ಕಡೆ ತಿರುಗಿ ನೋಡಿರಲಿಲ್ಲ. ನೋಡಬೇಕಾದ ಕಾಲ ಬಂತು, ನೋಡಿದೆ. ಆವತ್ತು ಕಲಿತದ್ದು ಅಡುಗೆಮನೆಯಲ್ಲೂ ಉಪಯೋಗಕ್ಕೆ ಬಂದಿದೆ, ಮಕ್ಕಳ ಜ್ವರಕ್ಕೂ ಬಂದಿದೆ. ಅದಕ್ಕೇ ನಿಮ್ಮ ಮುಂದೆ ಹೇಳಿಕೊಳ್ಳಬೇಕೆನಿಸಿತು.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆಯ ಕಡೆಗೆ ಒಂದು ಒಂಟಿ ಮನೆ, ಕೆಳಗೆ ಅಡಿಕೆ ತೋಟ. ಆಗುಂಬೆಯ ಮಳೆ ನಿಮಗೆ ಗೊತ್ತೇ ಇದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರು. ಆ ಮಳೆಯ ಪಾಲು ನಮ್ಮ ಅಂಗಳಕ್ಕೂ ಕಡಿಮೆಯೇನಿಲ್ಲ. ಮನೆಯಿಂದ ಟಾರು ರಸ್ತೆಗೆ ಐದಾರು ಕಿಲೋಮೀಟರ್ ಮಣ್ಣು ದಾರಿ, ನಡುವೆ ಸೇತುವೆಯಿಲ್ಲದ ಒಂದು ಹಳ್ಳ, ಎರಡು ಕಡಿದಾದ ಏರು. ಮಳೆಗಾಲದಲ್ಲಿ ಕಾರು ಬರುವ ಮಾತೇ ಇಲ್ಲ. ಜೀಪಾದರೆ ನಾಲ್ಕು ಚಕ್ರಕ್ಕೂ ಬಲ ಕೊಡುವ ಗಾಡಿ; 1941ರಿಂದ ಈಚೆಗೆ ಅಮೆರಿಕದ ಸೈನ್ಯಕ್ಕೆಂದು ವಿಲ್ಲೀಸ್ ಕಂಪನಿಯವರು ಕಟ್ಟಿದ ಜಾತಿ. ಯುದ್ಧದ ಕೆಸರಿಗೆ ಹುಟ್ಟಿದ್ದು ಮಲೆನಾಡಿನ ಕೆಸರಿಗೂ ಒಗ್ಗಿಬಿಟ್ಟಿತು. ನಮ್ಮಲ್ಲಿದ್ದದ್ದು ಹಳೆಯ ಪೆಟ್ರೋಲ್ ಜೀಪು. ಅದು ಕೆಟ್ಟರೆ ನಾವು ದ್ವೀಪದಲ್ಲಿದ್ದ ಹಾಗೆ.

ಆ ವರ್ಷ ಕಷ್ಟಗಳು ಒಂದರ ಕೈ ಒಂದು ಹಿಡಿದುಕೊಂಡೇ ಬಂದವು. ಹಿರಿಯ ಮಗಳು ಚೊಚ್ಚಲ ಬಸುರಿ, ಬಾಣಂತನಕ್ಕೆ ಬಂದಿದ್ದಳು. ತಿಂಗಳು ತುಂಬುತ್ತಾ ಇತ್ತು. ಜುಲೈ ಮೊದಲ ವಾರದಲ್ಲಿ ನಮ್ಮವರು ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡರು. ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯ ಮಂಚ ಹಿಡಿದರು. ಜೀಪಿನ ವಿಷಯ ಬಲ್ಲವರು ಮನೆಯಲ್ಲಿ ಅವರೊಬ್ಬರೇ. ಡ್ರೈವರ್ ಹುಡುಗ ಓಡಿಸುವುದರಲ್ಲಿ ಗಟ್ಟಿಗ. ಆದರೆ ಬಾನೆಟ್ಟಿನೊಳಗಿನದು ಅವನಿಗೂ ನನ್ನಷ್ಟೇ ಗೊತ್ತು.

ಜೀಪು ಕೆಮ್ಮಿದ ಕೂಡಲೇ ಪೇಟೆಗೆ ಕಳಿಸಿದೆವು. ಮೆಕ್ಯಾನಿಕ್ಕು ಪ್ಲಗ್ಗುಗಳನ್ನು ಹೊಸದು ಹಾಕಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ, ಬಿಲ್ಲು ಕೊಟ್ಟ. ಒಂದು ದಿನ ಚೆನ್ನಾಗಿ ಓಡಿತು. ಮಾರನೆಯ ಬೆಳಿಗ್ಗೆ ಮತ್ತೆ ಅದೇ ರಾಗ. ಎರಡನೆಯ ಸಲ ಹೋದಾಗ, “ರಿಂಗ್ ಸವೆದಿದೆ, ವಾಲ್ವ್ ಸುಟ್ಟಿರಬೇಕು. ಎಂಜಿನ್ನೇ ಬಿಚ್ಚಬೇಕು. ನಾಲ್ಕೈದು ಸಾವಿರ ಆಗುತ್ತೆ, ಹದಿನೈದು ದಿನ ಗಾಡಿ ಬಿಟ್ಟುಹೋಗಿ” ಎಂದು ಹೇಳಿ ಕಳಿಸಿದ.

ನಾಲ್ಕೈದು ಸಾವಿರ! ಮಗಳ ಬಾಣಂತನಕ್ಕೆಂದು ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಟ್ಟಿದ್ದು ಮೂರು ಸಾವಿರ ಚಿಲ್ಲರೆ. ಅಡಿಕೆ ಕೊಯ್ಲಿಗೆ ಇನ್ನೂ ತಿಂಗಳುಗಳಿವೆ. ಹಣ ಹೇಗೋ ಹೊಂದಿಸಬಹುದು, ಆ ಹದಿನೈದು ದಿನ? ಅಷ್ಟರಲ್ಲಿ ಮಗಳಿಗೆ ನೋವು ಬಂದರೆ? ಆಸ್ಪತ್ರೆ 25 ಕಿಲೋಮೀಟರ್ ದೂರ. ಆ ರಾತ್ರಿ ನಾನೂ ಅತ್ತೆಯವರೂ ಮಾತಾಡದೆ ಕೂತಿದ್ದೆವು. “ನನ್ನ ಐದೂ ಹೆರಿಗೆ ಇದೇ ಕೋಣೇಲಿ ಆಯ್ತಲ್ಲ” ಎಂದರು ಅತ್ತೆ. ಐದರಲ್ಲಿ ಉಳಿದವರು ಮೂವರು ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಕೊಡುವಾಗ ನಮ್ಮವರಿಗೆ ಅಳುಕುತ್ತಲೇ ಹೇಳಿದೆ: “ರೀ, ಒಂದು ಮಾತು. ಜೀಪು ಎಲ್ಲಾ ಹೊತ್ತೂ ಕೆಮ್ಮೋದಿಲ್ಲ. ಬೆಳಿಗ್ಗೆ ಕೆಮ್ಮುತ್ತೆ. ಮಳೆ ಜೋರಿದ್ದಾಗ ಕೆಮ್ಮುತ್ತೆ. ಮೊನ್ನೆ ಮಧ್ಯಾಹ್ನ ಎರಡು ಗಂಟೆ ಹೊಳವಾಗಿ ಬಿಸಿಲು ಬಂದಿತ್ತಲ್ಲ, ಆಗ ಹುಲ್ಲು ತರೋದಕ್ಕೆ ಹೋಗಿ ಬಂತು. ಒಂದು ಸಲವೂ ತಡವರಿಸಲಿಲ್ಲ.”

ಅವರು ಲೋಟ ಕೆಳಗಿಟ್ಟರು. “ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ನೀವು ಯಾವಾಗ ಕೇಳಿದಿರಿ?”

ನಾನು ಜಗಳಕ್ಕೆ ಹೇಳಿದ್ದಲ್ಲ, ನಿಜವಾಗಿ ಯಾರೂ ಕೇಳಿರಲಿಲ್ಲ. ಮಗುವಿನ ಕೆಮ್ಮು ರಾತ್ರಿಯದೋ ಹಗಲಿನದೋ, ಮಲಗಿದಾಗ ಹೆಚ್ಚೋ ಕೂತಾಗ ಹೆಚ್ಚೋ ಎಂಬುದು ತಾಯಿಯ ಕಿವಿಗೆ ತಾನಾಗಿ ಬೀಳುತ್ತದೆ, ಅಲ್ಲವೇ? ಜೀಪಿನದೂ ಹಾಗೆಯೇ ಬಿದ್ದಿತ್ತು.

ಅವರು ಬಹಳ ದಿನಗಳ ಮೇಲೆ ಎದ್ದು ಒರಗಿ ಕೂತರು. “ಸವೆದ ರಿಂಗು ಬಿಸಿಲು ಕಂಡ ಕೂಡಲೆ ಸರಿಹೋಗತ್ತಾ? ವಾಲ್ವ್ ಸುಟ್ಟಿದ್ದರೆ ಮಳೆಗೂ ಬಿಸಿಲಿಗೂ ಒಂದೇ. ಇದು ನೀರಿನ ಕೆಲಸ ಕಣೇ. ಎಲ್ಲೋ ಕರೆಂಟು ಸೋರ್ತಾ ಇದೆ. ಹುಡುಗನ್ನ ಕರಿ, ನೀನೂ ಬಾ. ನಾನು ಇಲ್ಲಿಂದ ಹೇಳ್ತೀನಿ, ನೀವಿಬ್ಬರೂ ಮಾಡಿ.”

ಜೀಪನ್ನು ಜಗಲಿಯ ಎದುರಿನ ಸೋಗೆ ಚಪ್ಪರದ ಕೆಳಗೆ ತಂದು ನಿಲ್ಲಿಸಿದೆವು. ನಾನು ಸೆರಗು ಸುತ್ತಿ ಸಿಕ್ಕಿಸಿಕೊಂಡೆ, ಜಡೆ ತುರುಬು ಕಟ್ಟಿಕೊಂಡೆ. ಬಾನೆಟ್ಟಿನೊಳಗೆ ತಿರುಗುವ ಫ್ಯಾನಿಗೆ ಸೆರಗೂ ಒಂದೇ, ಜಡೆಯೂ ಒಂದೇ. ಅತ್ತೆಯವರು ಬಾಗಿಲಲ್ಲಿ ನಿಂತು, “ಇದೊಂದು ಬಾಕಿ ಇತ್ತು” ಎಂದು ಒಳಗೆ ಹೋದರು.

ಅವರು ನನಗೆ ಎಂಜಿನ್ನಿನ ಸಂಗತಿ ಹೇಳಿದ್ದು ಹೀಗೆ. ನಾಲ್ವರು ಹೆಂಗಸರು ಸರದಿಯಂತೆ ಒಂದೇ ಒರಳಿನಲ್ಲಿ ಭತ್ತ ಕುಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಒನಕೆ ಒಂದರ ಹಿಂದೆ ಒಂದು ಬೀಳುತ್ತಿದ್ದರೆ ಸದ್ದು ಒಂದೇ ಸಮ. ಒಬ್ಬಳ ಒನಕೆ ಬೀಳದೆ ಹೋದರೆ? ಲಯ ತಪ್ಪುತ್ತದೆ, ಅವಳ ಭಾರವನ್ನೂ ಉಳಿದ ಮೂವರೇ ಹೊರಬೇಕು. ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರು. ಒಂದೊಂದಕ್ಕೂ ಬೇಕಾದದ್ದು ಮೂರು: ಹದವಾಗಿ ಬೆರೆತ ಗಾಳಿ ಪೆಟ್ರೋಲು, ಅದನ್ನು ಅಮುಕಿ ಹಿಡಿಯುವ ಒತ್ತಡ, ಸರಿಯಾದ ಕ್ಷಣಕ್ಕೆ ಒಂದು ಕಿಡಿ. ಮೂರರಲ್ಲಿ ಯಾವುದು ತಪ್ಪಿದರೂ ಆ ಸಿಲಿಂಡರಿನ ಒನಕೆ ಬೀಳುವುದಿಲ್ಲ. ಅದೇ ಮಿಸ್ಸಿಂಗ್. ಈಗ ನಾವು ಹುಡುಕಬೇಕಾದದ್ದು ಎರಡೇ. ಯಾವ ಸಿಲಿಂಡರು, ಮೂರರಲ್ಲಿ ಯಾವುದು.

ಮೊದಲು ಒತ್ತಡ. ಹಳೆಯ ಜೀಪಿಗೆ ಮುಂದಿನಿಂದ ತಿರುಗಿಸುವ ಹ್ಯಾಂಡಲ್ ಇರುತ್ತಿತ್ತು. ಕೀ ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ತಂದು, ಹುಡುಗ ನಿಧಾನವಾಗಿ ತಿರುಗಿಸಿದ. “ಹೆಬ್ಬೆರಳು ಹಿಡಿಗೆ ಸುತ್ತಬೇಡವೋ, ಒದ್ದರೆ ಮುರಿಯತ್ತೆ” ಎಂದು ಜಗಲಿಯಿಂದ ಎಚ್ಚರಿಕೆ ಬಂತು. ಅರ್ಧ ಸುತ್ತಿಗೊಂದರಂತೆ, ಎರಡು ಸುತ್ತಿಗೆ ನಾಲ್ಕು ಕಡೆ ಹ್ಯಾಂಡಲ್ ತಡೆಯುತ್ತದೆ. ನಾಲ್ಕು ಸಿಲಿಂಡರಿನ ನಾಲ್ಕು ಒತ್ತಡ. ಒಂದು ಕಡೆ ಮೆತ್ತಗೆ ಹೋದರೆ ಅಲ್ಲಿ ರಿಂಗೋ ವಾಲ್ವೋ ಕೆಟ್ಟಿದೆ ಎಂದು ಅರ್ಥ. ನಾನೂ ಹಿಡಿದು ನೋಡಿದೆ. ನಾಲ್ಕೂ ಒಂದೇ ಬಿಗಿ. “ನಾಲ್ಕೂ ಸಮ ಇದೆ ರೀ!” ಎಂದು ಕೂಗಿದೆ. ಬಿಸ್ಕತ್ತಿನ ಡಬ್ಬದ ದುಡ್ಡು ನನ್ನ ಕಣ್ಣೆದುರಿಗೆ ಬಂತು.

ಆಮೇಲೆ ಯಾವ ಸಿಲಿಂಡರು ಎಂಬುದು. ಎಂಜಿನ್ನು ಚಾಲೂ ಇದ್ದು ಕೆಮ್ಮುತ್ತಿರುವಾಗ ಒಂದೊಂದೇ ಪ್ಲಗ್ಗಿನ ವೈರನ್ನು ಕಿತ್ತು ನೋಡಬೇಕು. ಚೆನ್ನಾಗಿ ಕೆಲಸ ಮಾಡುತ್ತಿರುವುದನ್ನು ಕಿತ್ತರೆ ಎಂಜಿನ್ನು ಇನ್ನಷ್ಟು ಮುಗ್ಗರಿಸುತ್ತದೆ. ಯಾವುದನ್ನು ಕಿತ್ತರೂ ಸದ್ದಿನಲ್ಲಿ ವ್ಯತ್ಯಾಸವೇ ಆಗುವುದಿಲ್ಲವೋ, ಅವಳೇ ಒನಕೆ ಎತ್ತದ ಸೋಮಾರಿ. ನಾನು ಉತ್ಸಾಹದಲ್ಲಿ ಅಡುಗೆಮನೆಯ ಇಕ್ಕಳ ಹಿಡಿದು ಹೊರಟೆ. “ಅಯ್ಯೋ, ಕಬ್ಬಿಣದ್ದು ಬೇಡ!” ಎಂದು ಅವರು ಕೂಗಿದ ಸದ್ದಿಗೆ ತೋಟದಲ್ಲಿದ್ದವರೂ ತಿರುಗಿ ನೋಡಿದರು. ಆ ವೈರಿನಲ್ಲಿ ಓಡುವುದು ಹತ್ತು ಸಾವಿರ ವೋಲ್ಟಿಗೂ ಮೇಲಿನ ಕರೆಂಟು. ಕೊನೆಗೆ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ ಇಕ್ಕುಳಿ ಹಿಡಿದು, ಒಣ ಹಲಗೆಯ ಮೇಲೆ ನಿಂತು ಹುಡುಗನೇ ಕಿತ್ತ. ಒಂದನೆಯದು: ಎಂಜಿನ್ನು ತತ್ತರಿಸಿತು. ಎರಡನೆಯದು: ತತ್ತರಿಸಿತು. ಮೂರನೆಯದು: ಏನೂ ಇಲ್ಲ. ನಾಲ್ಕನೆಯದು: ಮತ್ತೆ ತತ್ತರಿಸಿತು.

ಎಂಜಿನ್ನು ನಿಲ್ಲಿಸಿ ಮೂರನೆಯ ಪ್ಲಗ್ಗನ್ನು ಬಿಚ್ಚಿದೆವು. ತುದಿ ಕಪ್ಪಗೆ, ಪೆಟ್ರೋಲಿನಲ್ಲಿ ನೆಂದಿತ್ತು. ಒಂದನೆಯದರ ತುದಿ ಹದವಾಗಿ ಬೆಂದ ಬಿಸ್ಕತ್ತಿನ ಬಣ್ಣ. “ಹಾಗಾದರೆ ಪೆಟ್ರೋಲು ಬರ್ತಾ ಇದೆ, ಉರೀತಾ ಇಲ್ಲ. ಕಾರ್ಬೊರೇಟರಿನದಲ್ಲ. ಅದು ನಾಲ್ವರಿಗೂ ಬಡಿಸೋದು, ಒಬ್ಬಳಿಗೆ ಮಾತ್ರ ಯಾಕೆ ತಪ್ಪಿಸತ್ತೆ? ಕಿಡಿ ತಲುಪ್ತಾ ಇಲ್ಲ” ಎಂದರು. ಆ ಪ್ಲಗ್ಗನ್ನು ಒರೆಸಿ ಒಣಗಿಸಿ ಒಂದನೆಯದರ ಜಾಗಕ್ಕೆ, ಒಂದನೆಯದನ್ನು ಮೂರನೆಯದರ ಜಾಗಕ್ಕೆ ಹಾಕಿಸಿದರು. ಚಾಲೂ ಮಾಡಿದರೆ ಈಗಲೂ ಮೂರನೆಯದೇ ಸೋಮಾರಿ. ಅಂದರೆ ಪ್ಲಗ್ಗಿನ ತಪ್ಪಲ್ಲ. ಆಮೇಲೆ ವೈರುಗಳನ್ನು ಅದಲುಬದಲು ಮಾಡಿಸಿದರು. ಆಗಲೂ ಮೂರನೆಯದೇ. ವೈರಿನ ತಪ್ಪೂ ಅಲ್ಲ.

ನನಗೆ ತಾಳ್ಮೆ ತಪ್ಪಿತು. “ಎಲ್ಲಾನೂ ಒಟ್ಟಿಗೇ ಬದಲಾಯಿಸಿಬಿಡಬಾರದೇ?” ಎಂದೆ. ಅವರು ಹೇಳಿದ ಮಾತನ್ನು ಇವತ್ತಿಗೂ ಮರೆತಿಲ್ಲ. “ಸಾರಿಗೆ ಉಪ್ಪು, ಹುಳಿ, ಬೆಲ್ಲ ಮೂರನ್ನೂ ಒಟ್ಟಿಗೆ ಹಾಕಿದರೆ ಯಾವುದರಿಂದ ಸರಿಹೋಯ್ತು ಅಂತ ಹೇಗೆ ಗೊತ್ತಾಗತ್ತೆ? ಒಂದು ಸಲಕ್ಕೆ ಒಂದೇ ಬದಲಾಯಿಸು. ನೋಡು. ಆಮೇಲೆ ಇನ್ನೊಂದು.”

ಉಳಿದದ್ದು ಡಿಸ್ಟ್ರಿಬ್ಯೂಟರ್. ಹೆಸರು ದೊಡ್ಡದು, ಕೆಲಸ ಪಂಕ್ತಿಯಲ್ಲಿ ಬಡಿಸುವವರದು. ಕಾಯಿಲಿನಿಂದ ಬಂದ ಕಿಡಿಯನ್ನು ಒಳಗೆ ತಿರುಗುವ ಒಂದು ಚಿಕ್ಕ ಕೈ ನಾಲ್ಕು ಎಲೆಗೂ ಬಡಿಸುತ್ತಾ ಹೋಗುತ್ತದೆ. ನಮ್ಮ ಜೀಪಿನಲ್ಲಿ ಅದರ ಸರದಿ ಒಂದು, ಮೂರು, ನಾಲ್ಕು, ಎರಡು. ಅದರ ಮೇಲೆ ಬೋರಲು ಹಾಕಿದ ಬಟ್ಟಲಿನ ಹಾಗೆ ಬೇಕಲೈಟಿನ ಒಂದು ಮುಚ್ಚಳ, ಮುಚ್ಚಳದಿಂದ ಹೊರಟ ವೈರುಗಳು.

“ಕತ್ತಲಾಗಲಿ” ಎಂದರು ನಮ್ಮವರು.

ರಾತ್ರಿ ಊಟವಾದ ಮೇಲೆ ಮಳೆ ಸಣ್ಣಗೆ ಹಿಡಿದಿತ್ತು. ಕರೆಂಟು ಹೇಗೂ ಇರಲಿಲ್ಲ. ಪೆಟ್ರೋಲಿನ ಹತ್ತಿರ ಬೆಂಕಿ ಕೂಡದೆಂದು ಲಾಟೀನನ್ನು ಜಗಲಿಯ ಆಚೆ ಇಡಿಸಿದರು. ಹುಡುಗ ಎಂಜಿನ್ನು ಚಾಲೂ ಮಾಡಿದ. ನಾನು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದೆ. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಆ ಮುಚ್ಚಳದ ಒಂದು ಬದಿಯಲ್ಲಿ ಮಿಂಚುಹುಳದಷ್ಟು ತೆಳುವಾದ ನೀಲಿ ಎಳೆಯೊಂದು, ಟಿಕ್ ಟಿಕ್ ಎಂದು ಕೆಳಗಿನ ಕಬ್ಬಿಣಕ್ಕೆ ಹರಿದು ಹೋಗುತ್ತಿತ್ತು. ಜೀಪು ಒಂದೊಂದು ಸಲ ಕೆಮ್ಮಿದಾಗಲೂ ಅದು ಒಮ್ಮೆ ಮಿನುಗುತ್ತಿತ್ತು.

“ಸಿಕ್ತು!” ಎಂದೆ. ದನಿ ನನ್ನದೇ ಎಂದು ನನಗೇ ಅನಿಸಲಿಲ್ಲ.

ಮುಚ್ಚಳ ಬಿಚ್ಚಿ ತಂದು ಬೆಳಕಿಗೆ ಹಿಡಿದೆವು. ಕೂದಲೆಳೆಯಷ್ಟು ಸಣ್ಣ ಬಿರುಕು. ಅದರ ಉದ್ದಕ್ಕೂ ಪೆನ್ಸಿಲಿನಿಂದ ಗೀಚಿದ ಹಾಗೆ ಕರಿಗೆರೆ. ನೀರು ಇಳಿಜಾರು ಹುಡುಕುವ ಹಾಗೆ ಕರೆಂಟೂ ಸುಲಭದ ದಾರಿ ಹುಡುಕುತ್ತದೆ. ಬಿರುಕಿನಲ್ಲಿ ಮಳೆಗಾಲದ ಪಸೆ ಕೂತರೆ ಪ್ಲಗ್ಗಿಗೆ ಹೋಗಬೇಕಾದ ಕಿಡಿ ಆ ಪಸೆಯ ಮೇಲೇ ಜಾರಿ ಎಂಜಿನ್ನಿನ ಮೈಗೆ ಸೇರಿಬಿಡುತ್ತದೆ. ಜಾರಿ ಜಾರಿ ಅಲ್ಲೇ ಸುಟ್ಟು ಇದ್ದಿಲಿನ ಗೆರೆ ಬೀಳುತ್ತದೆ, ದಾರಿ ಇನ್ನೂ ಸಲೀಸಾಗುತ್ತದೆ. ಬಿಸಿಲಿಗೆ ಒಣಗಿದರೆ ಆ ದಾರಿ ಅಷ್ಟು ಸಲೀಸಲ್ಲ, ಕಿಡಿ ಮತ್ತೆ ಪ್ಲಗ್ಗಿಗೇ ಹೋಗುತ್ತದೆ. ಪೇಟೆಯ ವರ್ಕ್‌ಶಾಪಿನಲ್ಲಿ ಗಾಡಿ ಒಣಗಿದ ಜಾಗದಲ್ಲಿ ನಿಂತಿರುತ್ತಿತ್ತು. ಅಲ್ಲಿ ಅದು ಕೆಮ್ಮದೇ ಇದ್ದದ್ದಕ್ಕೆ ಕಾರಣ ಇದು.

ಹೊಸ ಮುಚ್ಚಳ ಶಿವಮೊಗ್ಗದಿಂದ ಬರಬೇಕು. ಅಲ್ಲಿಯವರೆಗೆ? ಅವರು ಸ್ವಲ್ಪ ಯೋಚಿಸಿ, “ಮಗಳ ಹತ್ತಿರ ಉಗುರಿಗೆ ಹಚ್ಚೋ ಬಣ್ಣ ಇದೆಯಾ ಕೇಳು” ಎಂದರು. ನಾನು ಮುಖ ನೋಡಿದೆ. ತಮಾಷೆಯಲ್ಲ. ಚಾಕುವಿನ ಮೊನೆಯಿಂದ ಕರಿಗೆರೆಯನ್ನು ಚೂರೂ ಉಳಿಯದಂತೆ ಕೆರೆದು, ಮುಚ್ಚಳ ಒರೆಸಿ, ಬಚ್ಚಲೊಲೆಯ ಪಕ್ಕದಲ್ಲಿ ಬೆಂಕಿ ತಾಗದಷ್ಟು ದೂರ ಇಟ್ಟು ಒಣಗಿಸಿದೆ. ಅಡುಗೆಮನೆಯ ಒಲೆಯ ಹತ್ತಿರ ಆ ಜಿಡ್ಡಿನ ವಸ್ತು ತರಕೂಡದೆಂದು ಅತ್ತೆಯವರ ಅಪ್ಪಣೆ. ಆಮೇಲೆ ಮಗಳು ತನ್ನ ಕೈಯಾರ, ಬಸುರಿಯ ಕಾಲು ಚಾಚಿ ಕೂತು, ಗುಲಾಬಿ ಬಣ್ಣವನ್ನು ಬಿರುಕಿನ ಮೇಲೆ ಒಳಗೂ ಹೊರಗೂ ಎರಡೆರಡು ಸಲ ಬಳಿದಳು. “ನಿನ್ನ ಮದುವೇಲೂ ಇಷ್ಟು ನಾಜೂಕಾಗಿ ಹಚ್ಚಿಕೊಂಡಿರಲಿಲ್ಲ” ಎಂದರು ಅಜ್ಜಿ. ಅವತ್ತು ಮನೆಯಲ್ಲಿ ಎಷ್ಟೋ ದಿನದ ಮೇಲೆ ನಗು ಕೇಳಿಸಿತು. ರಾತ್ರಿಯಿಡೀ ಆರಲು ಬಿಟ್ಟು ಬೆಳಿಗ್ಗೆ ಜೋಡಿಸಿದೆವು. ಸುರಿಯುವ ಮಳೆಯಲ್ಲೇ ಎಂಜಿನ್ನು ಒಂದೇ ಸಮ ಓಡಿತು. ಇದು ತಾತ್ಕಾಲಿಕ ಉಪಾಯ ಮಾತ್ರ, ನೆನಪಿರಲಿ. ಹೊಸ ಭಾಗ ಸಿಕ್ಕ ಕೂಡಲೆ ಹಾಕಿಸಲೇಬೇಕು.

ಹೊಸದು ಬರುವ ಮೊದಲೇ ಮಗಳಿಗೆ ನೋವು ಬಂತು. ಪುಷ್ಯ ಮಳೆ ಶುರುವಾದ ಎರಡನೆಯ ರಾತ್ರಿ, ಹನ್ನೊಂದು ಗಂಟೆ. ಜೀಪಿನ ಹಿಂದೆ ಹಾಸಿಗೆ ಹಾಸಿ ಅವಳನ್ನು ಮಲಗಿಸಿ, ನಾನೂ ನೆರೆಯ ಮನೆಯ ಅಕ್ಕನೂ ಅಕ್ಕಪಕ್ಕ ಕೂತೆವು. ಹೊರಡುವ ಮೊದಲು ನಮ್ಮವರು ಜಗಲಿಯಿಂದ ಹೇಳಿದರು: “ಹಳ್ಳಕ್ಕೆ ಇಳಿಯೋ ಮೊದಲು ಮುಂದುಗಡೆ ಜಾಲರಿಗೆ ಗೋಣಿ ಕಟ್ಟಿ, ಇಲ್ಲದಿದ್ದರೆ ಫ್ಯಾನು ನೀರನ್ನೆಲ್ಲ ಮುಚ್ಚಳದ ಮೇಲೆ ಎರಚತ್ತೆ. ಎರಡನೆಯ ಲಿವರ್ ಹಾಕಿ, ಫಸ್ಟ್ ಗೇರಿನಲ್ಲಿ ನಿಧಾನ ಹೋಗಿ. ನಡುನೀರಿನಲ್ಲಿ ಗೇರ್ ಬದಲಾಯಿಸಬೇಡಿ.” ನಾನು ಹಳೆಯ ಹತ್ತಿ ಸೀರೆಯ ಒಣ ಚೂರುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಮಡಿಲಲ್ಲಿ ಇಟ್ಟುಕೊಂಡೆ.

ಹಳ್ಳ ಮೊಣಕಾಲು ಮೀರಿ ಹರಿಯುತ್ತಿತ್ತು. ಒಂದು ಕಿವಿ ಮಗಳ ನರಳಿಕೆಯ ಮೇಲೆ, ಒಂದು ಕಿವಿ ಎಂಜಿನ್ನಿನ ಮೇಲೆ. ದಾಟಿದೆವು. ದಡ ಹತ್ತಿ ಏರಿಗೆ ತಿರುಗುವಷ್ಟರಲ್ಲಿ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿ ನಿಂತೇಹೋಯಿತು. ಮಗಳು ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ಬಿಡಿಸಿಕೊಳ್ಳಬೇಕಾಯಿತು. “ಪುಟ್ಟೀ, ಎರಡೇ ನಿಮಿಷ” ಎಂದು ಇಳಿದೆ. ಹುಡುಗ ಕೊಡೆ ಹಿಡಿದ, ಟಾರ್ಚು ಹಿಡಿದ. ನಾನು ಮುಚ್ಚಳದ ಎರಡು ಕ್ಲಿಪ್ಪು ಬಿಚ್ಚಿ, ಒಳಗೂ ಹೊರಗೂ ಒಣ ಬಟ್ಟೆಯಿಂದ ಒರೆಸಿದೆ. ವೈರುಗಳ ಬುಡ ಒರೆಸಿದೆ. ಗುಲಾಬಿ ಬಣ್ಣ ಹಾಗೇ ಇತ್ತು. ಮೇಲೆ ಕೂತಿದ್ದ ನೀರಷ್ಟೇ ತೊಂದರೆ ಕೊಟ್ಟಿದ್ದು. ಕೈ ನಡುಗಲಿಲ್ಲ ಎಂದರೆ ಸುಳ್ಳು ಹೇಳಿದ ಹಾಗೆ. ಕ್ಲಿಪ್ಪು ಎರಡು ಸಲ ಜಾರಿತು. ಮುಚ್ಚಿ, ಸರಿದು ನಿಂತೆ. ಹುಡುಗ ಸ್ಟಾರ್ಟ್ ಮಾಡಿದ. ಒಂದು ಸಲ ಗೊಗ್ಗರು ದನಿ, ಆಮೇಲೆ ನಾಲ್ಕು ಒನಕೆಯೂ ಒಂದೇ ಸಮ.

ಬೆಳಗಿನ ಜಾವ ನಾಲ್ಕೂವರೆಗೆ ಮೊಮ್ಮಗಳು ಹುಟ್ಟಿದಳು. ಕೊರಳಿಗೆ ಕರುಳಬಳ್ಳಿ ಸುತ್ತಿಕೊಂಡಿತ್ತಂತೆ. “ಮನೆಯಲ್ಲಾಗಿದ್ದರೆ ಕಷ್ಟವಿತ್ತು” ಎಂದರು ಡಾಕ್ಟರಮ್ಮ. ನಾನು ಏನೂ ಹೇಳಲಿಲ್ಲ. ಸೀರೆಯ ಸೆರಗಿಗೆಲ್ಲ ಗ್ರೀಸು ಮೆತ್ತಿತ್ತು.

ಹೊಸ ಮುಚ್ಚಳಕ್ಕೆ ನೂರು ರೂಪಾಯಿಯೂ ಆಗಲಿಲ್ಲ. ಹಳೆಯದನ್ನು ಹಿಡಿದುಕೊಂಡು ಆ ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಬೈದು ಬರಬೇಕೆಂದೇ ಹೋಗಿದ್ದು. ಆತ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಮಳೇಲಿ ಮಾತ್ರ ಆಗ್ತಿತ್ತು ಅಂತ ನಂಗೆ ಯಾರೂ ಹೇಳಲಿಲ್ಲವಲ್ಲಮ್ಮಾ. ಇಲ್ಲಿ ಬಂದಾಗ ಸರಿಯಾಗೇ ಓಡ್ತಿತ್ತು” ಎಂದ. ಬೈಯಲು ಹೋದವಳ ಬಾಯಿ ಕಟ್ಟಿತು. ಬಿಚ್ಚಿ ನೋಡದೆ ನಾಲ್ಕೈದು ಸಾವಿರ ಹೇಳಿದ್ದು ತಪ್ಪೇ. ಆದರೆ ಹುಡುಗ “ಮಿಸ್ಸಿಂಗ್ ಇದೆ” ಎಂದಷ್ಟೇ ಹೇಳಿ ಬಂದಿದ್ದ. ಗೊತ್ತಿದ್ದವಳು ನಾನು, ನಾನು ಹೇಳಿರಲಿಲ್ಲ. ಹೆಂಗಸರ ಮಾತು ಇದಕ್ಕೆಲ್ಲ ಬೇಕೇ ಎಂದುಕೊಂಡು ಸುಮ್ಮನಿದ್ದದ್ದು ನನ್ನ ತಪ್ಪು.

ಈಗಿನ ಗಾಡಿಗಳಲ್ಲಿ ಆ ಮುಚ್ಚಳವೇ ಇಲ್ಲ. ಸಾಮಾನ್ಯವಾಗಿ ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲು ಕೂತಿರುತ್ತದೆ. ಎಂಜಿನ್ನು ತಿರುಗುವ ವೇಗದಲ್ಲಿ ಚೂರು ಏರುಪೇರಾದರೂ ಒಳಗಿನ ಕಂಪ್ಯೂಟರಿಗೆ ಗೊತ್ತಾಗಿ ಎದುರಿನ ಫಲಕದಲ್ಲಿ ಎಂಜಿನ್ನಿನ ಚಿತ್ರದ ಹಳದಿ ದೀಪ ಹತ್ತುತ್ತದೆ. ಆ ರಾತ್ರಿ ಹುಟ್ಟಿದ ಮೊಮ್ಮಗಳು ಈಗ ಪೆಟ್ರೋಲಿನದೇ ನಾಲ್ಕು ಚಕ್ರದ ಬಲದ ಗಾಡಿ ಓಡಿಸುತ್ತಾಳೆ. ಕೆಲವು ವರ್ಷದ ಹಿಂದೆ ನಮ್ಮ ಮನೆಗೆ ಬರುವಾಗ ಆಗುಂಬೆ ಘಾಟಿಯಲ್ಲಿ ಅದೂ ಕೆಮ್ಮಿತು, ದೀಪ ಮಿಣುಕಿತು. ವರ್ಕ್‌ಶಾಪಿನಲ್ಲಿ ಯಂತ್ರ ಜೋಡಿಸಿ ನೋಡಿದರೆ ‘ಪಿ 0302’ ಎಂದು ಬಂತಂತೆ. ಎರಡನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್ ಎಂದು ಅದರ ಅರ್ಥ. ಯಾವ ಸಿಲಿಂಡರು ಎಂಬುದನ್ನು ಅದು ಹೇಳುತ್ತದೆ, ಯಾಕೆ ಎಂಬುದನ್ನು ಹೇಳುವುದಿಲ್ಲ. ನಾಲ್ಕೂ ಕಾಯಿಲು, ನಾಲ್ಕೂ ಪ್ಲಗ್ಗು ಬದಲಾಯಿಸೋಣ ಎಂದರಂತೆ. ಅವಳು ನನಗೆ ಫೋನು ಮಾಡಿದಳು. “ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ ಹಾಕಿಸಿ ನೋಡು ಮಗೂ, ಬೇರೇನೂ ಮುಟ್ಟಿಸಬೇಡ” ಎಂದೆ. ಸ್ವಲ್ಪ ದೂರ ಓಡಿಸಿ ನೋಡಿದಾಗ ‘ಪಿ 0303’ ಬಂತು. ರೋಗ ಕಾಯಿಲಿನ ಜೊತೆಗೇ ಹೋಗಿತ್ತು. ಒಂದೇ ಕಾಯಿಲು ಬದಲಾಯಿಸಿ ಮನೆಗೆ ಬಂದಳು.

ನೀವು ಗಾಡಿ ಬಿಚ್ಚಬೇಕೆಂದು ನಾನು ಹೇಳುತ್ತಿಲ್ಲ. ಈಗಿನ ಗಾಡಿಯಲ್ಲಿ ಚಾಲೂ ಇರುವಾಗ ವೈರು ಕೀಳುವುದಕ್ಕಂತೂ ಹೋಗಲೇಬಾರದು. ಕರೆಂಟು ಜೋರು, ಕಾಯಿಲೂ ಕೆಡಬಹುದು. ಆದರೆ ಇಷ್ಟನ್ನು ಮನೆಯಲ್ಲಿ ಯಾರೂ ಮಾಡಬಹುದು. ಗಾಡಿ ಯಾವಾಗ ಕೆಮ್ಮುತ್ತದೆ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಮಳೆಯಲ್ಲೋ ಬಿಸಿಲಲ್ಲೋ, ಏರಿನಲ್ಲೋ ನಿಂತಲ್ಲೋ, ಪೆಟ್ರೋಲು ಹಾಕಿಸಿದ ಮೇಲೆ ಶುರುವಾಯಿತೋ, ಕ್ಯಾಲೆಂಡರಿನ ಹಿಂದೆ ಬರೆದಿಡಿ. ಹಾಲಿನ ಲೆಕ್ಕ ಬರೆಯುವುದಿಲ್ಲವೇ, ಹಾಗೆ. ಮೆಕ್ಯಾನಿಕ್ಕಿಗೆ ಅದನ್ನು ಓದಿ ಹೇಳಿ. ಒಂದು ಸಲಕ್ಕೆ ಒಂದೇ ಬದಲಾಯಿಸಲು ಹೇಳಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಬೇಗ ತೋರಿಸಿ. ಮಿಣುಕುತ್ತಿದ್ದರೆ ವೇಗ ಇಳಿಸಿ, ಆದಷ್ಟು ಬೇಗ ಗಾಡಿ ನಿಲ್ಲಿಸಿ. ಉರಿಯದ ಪೆಟ್ರೋಲು ಹೊಗೆ ಕೊಳವೆಗೆ ಹೋಗಿ, ಅಲ್ಲಿ ಹೊಗೆ ಶುದ್ಧಮಾಡುವ ಬೆಲೆಬಾಳುವ ಭಾಗವನ್ನು ಸುಟ್ಟುಹಾಕುತ್ತದೆ. ಡೀಸೆಲ್ ಗಾಡಿಗೆ ಕಿಡಿಯ ಪ್ಲಗ್ಗೇ ಇಲ್ಲ. ಅದರ ಕೆಮ್ಮಿಗೆ ಬೇರೆ ಕಾರಣಗಳು.

ನಮ್ಮವರು ಈಗಿಲ್ಲ. ಜೀಪನ್ನೂ ಕೊಟ್ಟುಬಿಟ್ಟೆವು. ಆ ಬಿರುಕು ಬಿಟ್ಟ ಮುಚ್ಚಳ ಮಾತ್ರ ನನ್ನ ಹೊಲಿಗೆ ಪೆಟ್ಟಿಗೆಯಲ್ಲಿದೆ. ಬೋರಲು ಬಟ್ಟಲನ್ನು ಮಗುಚಿ ಇಟ್ಟು ಅದರಲ್ಲಿ ಗುಂಡಿಗಳನ್ನು ಹಾಕಿಟ್ಟಿದ್ದೇನೆ. ಗುಲಾಬಿ ಬಣ್ಣ ಇನ್ನೂ ಪೂರ್ತಿ ಹೋಗಿಲ್ಲ. ಮೊನ್ನೆ ರವಿಕೆಗೆ ಹುಕ್ಕು ಹಾಕುತ್ತಾ ಕೂತಿದ್ದಾಗ ಪಕ್ಕದ ಮನೆಯ ಹುಡುಗಿ, “ಅಜ್ಜೀ, ನಮ್ಮ ಮಿಕ್ಸಿ ಆಗಾಗ ನಿಂತುಹೋಗ್ತಾ ಇದೆ, ಹೊಸದು ತಗೋಬೇಕೇನೋ” ಎಂದಳು. ಕನ್ನಡಕ ತೆಗೆದಿಟ್ಟು ಕೇಳಿದೆ: “ಯಾವಾಗ ನಿಲ್ಲುತ್ತೆ, ಹೇಳು?”